ಒತ್ತು ಬಿದ್ದದ್ದು ಎಲ್ಲಿಗೆ

ಕಡಬ ಕಡಬ ಕಡಬಾ ಎಂದು ಬಸ್ಸಿನ ಬಾಗಿಲಲ್ಲಿ ನೇತುಕೊಂಡು ಕಂಡಕ್ಟರ್ ಸೀನ ಕೂಗುತ್ತಿದ್ದಾನೆ, ಮೂರು ಲಘುವಿನ ಊರು, ಅವನ ಬಾಯಲ್ಲಿ ಕೊನೆಯ ಅಕ್ಷರ ಉದ್ದಕ್ಕೆ ಎಳೆದು ಗುರುವಾಗಿದೆ, ಪುತ್ತೂರು ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ದೂರಕ್ಕೆ ಕೇಳಬೇಕಾದ್ದು ಆ ಒಂದು ಆಕಾರ ತಾನೆ, ಉಳಿದದ್ದನ್ನು ಜನ ತಾವೇ ಹಚ್ಚಿಕೊಳ್ಳುತ್ತಾರೆ — ಪಂಕಜಾಕ್ಷಿ ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು, ಇದೊಂದು ಅಭ್ಯಾಸ, ಯಾರು ಏನು ಹೇಳಿದರೂ ಕಿವಿ ಮೊದಲು ಅದನ್ನು ತುಂಡು ಮಾಡಿ ಯಾವ ತುಂಡು ಭಾರ ಎಂದು ತೂಗಿ ನೋಡುತ್ತದೆ, ಅರ್ಥ ಆಮೇಲೆ ಬರುತ್ತದೆ, ಬಂದರೆ. ನಿನ್ನೆ ಸಂಜೆಯೂ ಹಾಗೆಯೇ, ಶಾಲೆ ಬಿಟ್ಟು ಬರುವಾಗ ಇದೇ ಸೀನ ಫುಟ್‌ಬೋರ್ಡಿನಿಂದ ಬಗ್ಗಿ, ಟೀಚರೇ, ಕಡಬದ ಆದಂ ಕುಂಞಿ ಬ್ಯಾರಿ ಹೇಳಿ ಕಳಿಸಿದ್ದಾರೆ, ಅವರ ಅಣ್ಣ ಅಲಿ ಕುಂಞಿ ತೀರಿಹೋದ್ರಂತೆ, ನಿಮಗೆ ಗೊತ್ತುಮಾಡ್ಲಿಕ್ಕೆ ಹೇಳಿದ್ರು ಅಂದ, ಅವಳಿಗೆ ಮೊದಲು ಕೇಳಿದ್ದು ತೀ ಮತ್ತು ರಿ, ಒಂದು ಗುರು ಒಂದು ಲಘು, ಆಮೇಲೆ ಹೋದ್ರು, ಅದಕ್ಕೂ ಆಮೇಲೆ ಆ ಮನುಷ್ಯ, ಆಸ್ಪತ್ರೆಯ ಕಬ್ಬಿಣದ ಮಂಚ, ಒಂದು ಬದಿಗೆ ಜಾರಿದ ಬಾಯಿ. ಬೆಳಿಗ್ಗೆ ರಜೆ ಕೇಳಿದಾಗ ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ನೋಡಿ, ಬ್ಯಾರಿಯ ಮನೆಗಾ, ಎಂತ ಸಂಬಂಧ ಟೀಚರೇ ಎಂದರು, ಸಂಬಂಧ ಎಂತದ್ದೂ ಇಲ್ಲ ಸರ್, ಒಮ್ಮೆ ಅವರ ಒಂದು ಮಾತನ್ನು ತರ್ಜುಮೆ ಮಾಡಿದ್ದೆ ಎಂದಳು, ಅವರಿಗೆ ನಗು ಬಂತು, ಒಂದು ಮಾತಿಗಾಗಿ ಒಂದು ದಿನದ ರಜೆಯಾ. ಹೌದು, ಒಂದು ಕ್ರಿಯಾಪದ. ಅದರಲ್ಲಿ ಐದು ಅಕ್ಷರ. ಅದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ಇನ್ನಷ್ಟು ಹೇಳಬೇಕಾಗುತ್ತದೆ, ಬಸ್ಸು ಹೊರಟಿತು, ಯಾರದೋ ಬುಟ್ಟಿಯಲ್ಲಿ ಒಣಮೀನು, ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಪಂಕಜಾಕ್ಷಿಗೆ ಆ ವಾಸನೆ ಬೇಸರ ಅಲ್ಲ, ಬಂದರಿನ ವಾಸನೆ.

ಗೋವಾದ ಮುರ್ಮುಗೋವ ಬಂದರು, ಅಪ್ಪ ತ್ಯಾಂಪಣ್ಣನ ಚಹಾದ ಹೋಟೆಲು, ಬೆಟ್ಟಂಪಾಡಿಯಿಂದ ಹದಿನೇಳನೇ ವಯಸ್ಸಿನಲ್ಲಿ ಓಡಿಹೋದ ಅಪ್ಪ ಅಲ್ಲಿ ಪರಂಗಿ ಸಿಪಾಯಿಗಳಿಗೆ ಬನ್ಸು ಕಾಯಿಸಿ ಕೊಟ್ಟು ಮನೆ ಮಾಡಿದವ, ಮಗಳು ಸರಕಾರದ ಭಾಷೆ ಕಲಿಯಲಿ, ನಾಳೆ ಎಲ್ಲಿಯಾದರೂ ಕುರ್ಚಿಯಲ್ಲಿ ಕೂತುಕೊಳ್ಳಬಹುದು ಎಂದು ಲಿಸಿಯು ಎಂಬ ಪರಂಗಿ ಸರಕಾರದ ಶಾಲೆಗೆ ಸೇರಿಸಿದ. ಮನೆಯಲ್ಲಿ ತುಳು, ಅಂಗಳದಲ್ಲಿ ಕೊಂಕಣಿ, ಅಮ್ಮ ಕಲಿಸಿದ ಕನ್ನಡದ ಅಕ್ಷರಮಾಲೆ, ಶಾಲೆಯಲ್ಲಿ ಪೋರ್ಚುಗೀಸು — ಅಲ್ಲಿನ ಟೀಚರ್ ದೋನಾ ಎರ್ಮೆಲಿಂಡಾ, ತೆಳ್ಳಗಿನ ಹೆಂಗಸು, ಕಪ್ಪು ಫ್ರಾಕು, ಕೈಯಲ್ಲಿ ಬೀಟಿಯ ರೂಲರು, ಯಾರಿಗೂ ಹೊಡೆದದ್ದಿಲ್ಲ, ಮೇಜಿಗೆ ಮಾತ್ರ, ಪ್ರತಿ ಪದದಲ್ಲಿಯೂ ಒತ್ತು ಬೀಳುವ ಅಕ್ಷರ ಬಂದಾಗ ಟಪ್ ಎಂದು ಒಂದು ಏಟು. ಫ, ಲಾ, ವ, ಮುಶ್, ಲಾ ಎಂಬಲ್ಲಿ ಏಟು, ಮಾತಾಡುತ್ತಿದ್ದೆವು ಎಂದು ಅರ್ಥ. ಒಂದು ಪದಕ್ಕೆ ಒಂದೇ ಏಟು ಮಕ್ಕಳೇ, ಮನುಷ್ಯನಿಗೆ ಒಂದೇ ಹೃದಯ ಇದ್ದ ಹಾಗೆ, ಏಟು ತಪ್ಪಿದರೆ ಹೇಳಿದ್ದು ಬೇರೆಯೇ ಆಗುತ್ತದೆ, ಆಗಿಹೋದದ್ದು ಆಗಲಿಕ್ಕಿರುವುದಾಗುತ್ತದೆ. ಮತ್ತೆ ಆ ವಿಚಿತ್ರದ ಭವಿಷ್ಯತ್ಕಾಲ, ಕ್ರಿಯಾಪದವನ್ನು ನಡುವಿನಲ್ಲಿ ಸೀಳಿ, ನಿನ್ನನ್ನು ಎಂಬ ತುಂಡನ್ನು ಒಳಗೆ ತೂರಿಸಿ, ಬಾಲವನ್ನು ಪುನಃ ಅಂಟಿಸುವುದು, ಹಾಗೆ ಸೀಳಿದ ಪದಕ್ಕೆ ಸೀಳಿದಲ್ಲಿ ಒಂದು ಸಣ್ಣ ಏಟು, ಬಾಲದಲ್ಲಿ ದೊಡ್ಡದು. ಬೀದಿಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ, ನ್ಯಾಯಾಧೀಶರು, ಪಾದ್ರಿಗಳು, ಹಳೆಯ ಮನೆಗಳ ಮುದುಕಿಯರು, ಅಷ್ಟೇ, ಆದರೂ ಪರೀಕ್ಷೆಗೆ ಬರುತ್ತದೆ. ಪಂಕಜಾಕ್ಷಿಯ ಕಿವಿ ಚುರುಕು, ಒಮ್ಮೆಯೂ ಏಟು ತಪ್ಪಿಸಿದವಳಲ್ಲ. ಆಮೇಲೆ ಅರುವತ್ತೊಂದರ ಡಿಸೆಂಬರು, ಇಂಡಿಯಾದ ಸೈನ್ಯ ಬಂತು, ಸಿಪಾಯಿಗಳು ಹೋದರು, ಬನ್ಸು ತಿನ್ನುವವರು ಇಲ್ಲ, ಅಪ್ಪ ಮೂಟೆ ಕಟ್ಟಿ ಎಲ್ಲರನ್ನೂ ಬೆಟ್ಟಂಪಾಡಿಗೆ ಕರೆತಂದ, ಹದಿನಾಲ್ಕು ವರ್ಷದ ಹುಡುಗಿ, ಚಿಕ್ಕಮ್ಮ ಸೀತು ಅವಳ ಗದ್ಯದಂಥ ಕನ್ನಡ ಕೇಳಿ ಬಾಯಿಗೆ ಕೈ ಅಡ್ಡ ಇಟ್ಟು ನಗುವುದು, ಅಷ್ಟು ವರ್ಷ ಕಲಿತ ಭಾಷೆ ಈಗ ಎಂತಕ್ಕೆ, ಏಪ್ರಿಲಿನ ಬಿಸಿಲಿಗೆ ಉಣ್ಣೆಯ ಕೋಟು ಇದ್ದ ಹಾಗೆ, ಎಸೆಯಲಿಕ್ಕೂ ಇಲ್ಲ ಹಾಕಲಿಕ್ಕೂ ಇಲ್ಲ. ಹಟದಿಂದ ಕನ್ನಡವನ್ನೇ ಕಲಿತಳು, ಪಂಡಿತ ಪರೀಕ್ಷೆ, ಪುತ್ತೂರಿನ ಶಾಲೆಯಲ್ಲಿ ಕೆಲಸ, ಛಂದಸ್ಸಿನ ಪಾಠ ಎಂದರೆ ಪಂಕಜಾಕ್ಷಿ ಟೀಚರೇ ಆಗಬೇಕು ಎನ್ನುವಷ್ಟು. ಕನ್ನಡದಲ್ಲಿ ಏಟು ಇಲ್ಲ, ಅಳತೆ ಉಂಟು, ಗಿಡ್ಡ ಉದ್ದ. ಎಲ್ಲಿ ಒತ್ತಿ ಹೇಳಿದರೂ ಬಂದ ಎಂದರೆ ಬಂದನೇ. ಅದು ಅವಳಿಗೆ ಹಿತವಾಗಿತ್ತು.

ಎಪ್ಪತ್ತೆಂಟರಲ್ಲಿ, ಪರೀಕ್ಷೆಯ ಪೇಪರು ತಿದ್ದುವ ಕಾಲ, ಪಕ್ಕದ ಬಾಡಿಗೆಮನೆಯ ನರ್ಸ್ ಸುಂದರಿ ಡ್ಯೂಟಿಯ ಉಡುಪಿನಲ್ಲಿಯೇ ಬಂದು ಜಗಲಿಯ ಕಂಬ ಹಿಡಿದು ನಿಂತಳು, ಪಂಕಜಕ್ಕ, ನಿಮಗೆ ಆ ಪರಂಗಿ ಭಾಷೆ ಬರ್ತದಲ್ಲ, ಒಮ್ಮೆ ಆಸ್ಪತ್ರೆಗೆ ಬನ್ನಿ, ಸುಳ್ಯದಿಂದ ತಂದ ಒಬ್ಬ ಬ್ಯಾರಿ ಇದ್ದಾನೆ, ವಾಯು ಬಡಿದು ಬಲಬದಿ ಹೋಗಿದೆ, ಸುಮಾರು ವರ್ಷ ಆಫ್ರಿಕದಲ್ಲಿ ಪರಂಗಿಯವರ ಮನೆಯಲ್ಲಿ ಇದ್ದದ್ದಂತೆ, ಈಗ ಬ್ಯಾರಿ ಭಾಷೆಯೂ ಇಲ್ಲ, ತುಳುವೂ ಇಲ್ಲ, ಆರತಿ ಆರತಿ ಅಂತ ಎಂತದೋ ಹೇಳುದು, ಬ್ಯಾರಿಗೆ ಆರತಿ ಎಂತಕ್ಕೆ ಮಾರಾಯ್ರೆ. ಹೋದಳು. ಕೆಂಪು ಮಸಿಯ ಪೆನ್ನು ಇನ್ನೂ ಬೆರಳಿನಲ್ಲಿಯೇ ಇತ್ತು. ವಾರ್ಡಿನ ಹೊರಗೆ ಬೆಂಚಿನಲ್ಲಿ ಒಬ್ಬ ಗಡ್ಡದ ಮನುಷ್ಯ, ಐವತ್ತರ ಆಚೆ ಈಚೆ, ಎದ್ದು ನಿಂತ, ನಾನು ಆದಂ ಕುಂಞಿ, ಕಡಬದಿಂದ, ಒಳಗೆ ಇರುವುದು ನನ್ನ ಅಣ್ಣ, ಟೀಚರೇ, ಅವನು ನನಗೆ ಒಂದು ಮಾತು ಹೇಳಿದ್ದಾನೆ, ಅದು ಎಂತ ಅಂತ ನನಗೆ ಬೇಕು. ಡಾಕ್ಟರರು ಹೇಳಿದ್ದರು, ನಾವು ಹೇಳಿದ್ದು ಅವರಿಗೆ ಅರ್ಥ ಆಗ್ತಾ ಇರಬಹುದು, ಬಾಯಿಗೆ ಬರುದು ಆ ಒಂದು ಭಾಷೆ ಮಾತ್ರ, ತಲೆಯೊಳಗೆ ಯಾವ ಕೋಣೆಗೆ ನೀರು ನುಗ್ಗಿತು, ಯಾವುದು ಒಣಗಿ ಉಳಿಯಿತು, ಯಾರಿಗೆ ಗೊತ್ತು. ನೀವು ಅವರಿಗೆ ಎಂತ ಹೇಳಿದ್ರಿ, ಅದು ಗೊತ್ತಿಲ್ಲದೆ ಅವರು ಹೇಳಿದ್ದನ್ನು ನಾನು ಹೇಗೆ ಹೇಳಲಿ ಎಂದು ಅವಳು ಕೇಳಿದಳು, ಕೇಳುವ ರೀತಿಯೂ ಕ್ಲಾಸಿನಲ್ಲಿ ಸಂದರ್ಭ ಸಹಿತ ವಿವರಿಸಿ ಎಂಬ ಹಾಗೆಯೇ. ಆದಂ ಕುಂಞಿ ತಲೆಯ ಬಟ್ಟೆ ಬಿಚ್ಚಿ ಪುನಃ ಸುತ್ತಿಕೊಂಡ.

ಅಣ್ಣ ಆಫ್ರಿಕದ ಬೇಯ್ರಾಕ್ಕೆ ಹೋದದ್ದು ಸ್ವಾತಂತ್ರ್ಯ ಬಂದ ವರ್ಷ ಟೀಚರೇ, ಅದೂ ಪರಂಗಿಯವರ ಆಳ್ವಿಕೆಯ ಊರು, ಒಬ್ಬ ಮುದಿ ವಕೀಲನ ಮನೆಯಲ್ಲಿ, ಮೊದಲು ಅಡಿಗೆ, ಆಮೇಲೆ ವಕೀಲನಿಗೆ ಕಣ್ಣು ಹೋದ ಮೇಲೆ ಪೇಪರು ಓದಿ ಹೇಳುದು, ಪುಸ್ತಕ ಓದಿ ಹೇಳುದು, ಕಾಗದ ಬರ್ತಾ ಇತ್ತು, ಗೋವಾದ ಗಲಾಟೆ ಆದ ಮೇಲೆ ನಿಂತಿತು, ಅಲ್ಲಿಯ ನಮ್ಮವರನ್ನೆಲ್ಲ ಹಿಡಿದು ಹಾಕಿದ್ರು, ಓಡಿಸಿದ್ರು ಅಂತ ಸುದ್ದಿ, ಬಂದವರಲ್ಲಿ ಇವನು ಇಲ್ಲ — ಅರುವತ್ತೊಂದು, ಹೌದಲ್ಲ, ಅಲ್ಲಿ ಅವಳ ಶಾಲೆ ಮುಚ್ಚಿದ ಹೊತ್ತಿಗೆ ಇಲ್ಲಿ ಇವರ ಅಂಚೆ ನಿಂತಿದೆ, ಒಂದೇ ವಾರ ಇರಬೇಕು, ಅವಳು ಅದನ್ನು ಒಂದು ಕಡೆ ಇಟ್ಟಳು. ನಮ್ಮ ಉಮ್ಮ, ಹೆತ್ತ ತಾಯಿಯಲ್ಲವಾ, ಬೆಳಿಗ್ಗಿನ ಬಸ್ಸಿಗೂ ಸಂಜೆಯ ಬಸ್ಸಿಗೂ ರಸ್ತೆಯ ಬದಿಗೆ ಹೋಗಿ ನಿಲ್ಲುದು. ವರ್ಷಗಟ್ಟಲೆ. ಬಸ್ಸು ಹೋದ ಮೇಲೆ ಬಂದು ಅನ್ನದ ಮುಂದೆ ಕೂತುಕೊಳ್ಳುದು, ತಿನ್ನುದಿಲ್ಲ. ಎಲುಬು ಎಣಿಸ್ಲಿಕ್ಕೆ ಆಗ್ತಿತ್ತು. ಒಂದು ದಿನ ನಾನು ಮಂಗಳೂರಿಗೆ ಹೋಗಿ ಬಂದವ ಹೇಳಿದೆ, ಬಂದರಿನಲ್ಲಿ ಒಬ್ಬ ಖಲಾಸಿ ಸಿಕ್ಕಿದ, ಅಲಿ ತೀರಿಹೋಗಿ ಸುಮಾರು ಕಾಲ ಆಯ್ತಂತೆ ಅಂತ. ಖಲಾಸಿಯೂ ಇಲ್ಲ, ಯಾರೂ ಇಲ್ಲ. ಉಮ್ಮ ಅವತ್ತು ಅತ್ತರು, ಓದಿಸಬೇಕಾದ್ದನ್ನು ಓದಿಸಿದ್ರು, ನಾಲ್ಕು ಜನಕ್ಕೆ ಊಟ ಹಾಕಿಸಿದ್ರು, ಆಮೇಲೆ ಅವರೂ ತಿಂದ್ರು. ನಿದ್ದೆ ಮಾಡಿದ್ರು. ಬಸ್ಸಿಗೆ ಹೋಗ್ಲಿಲ್ಲ. ಎರಡು ವರ್ಷ ಬದುಕಿದ್ರು ಟೀಚರೇ, ಸಮಾಧಾನದಲ್ಲಿ, ಹೋಗುವಾಗ ಅಲಿಯ ಹತ್ತಿರ ಹೋಗ್ತೇನೆ ಅಂತ ಹೇಳಿ ಹೋದ್ರು. ಎಪ್ಪತ್ತೈದರಲ್ಲಿ ಅವನು ಬಂದ, ಆ ದೇಶವೂ ಸ್ವತಂತ್ರ ಆಯ್ತಲ್ಲ, ವಕೀಲನ ಮಕ್ಕಳು ಊರು ಬಿಟ್ಟು ಹೋದ್ರು, ಇವನು ಒಂದು ಟ್ರಂಕು ಹಿಡಿದು ಬಸ್ಸಿನಿಂದ ಇಳಿದ, ಉಮ್ಮ ಎಲ್ಲಿ ಅಂತ ಕೇಳಿದ, ನಾನು ಎಲ್ಲ ಹೇಳಿದೆ, ಅಡಗಿಸ್ಲಿಲ್ಲ. ಅವನು ನೀರು ಸಹ ಕುಡಿಯದೆ ಅದೇ ಟ್ರಂಕು ಹಿಡಿದು ಸುಳ್ಯಕ್ಕೆ ಹೋಗಿ ಮಸೀದಿಯ ಹತ್ತಿರ ಕೋಣೆ ಮಾಡಿದ, ಮೂರು ವರ್ಷ ಮಾತಿಲ್ಲ. ನಾನು ಹೋದ್ರೆ ಬಾಗಿಲು ಹಾಕುದು. ಈಗ ಇಲ್ಲಿ ಮಂಚದ ಹತ್ತಿರ ಕೂತು ಕ್ಷಮಿಸು ಅಂತ ಕೇಳಿದೆ, ಅದಕ್ಕೆ ಅವನು ಹೇಳಿದ್ದು ಆ ಮಾತು. ಉಮ್ಮನಿಗಾಗಿಯೇ ಹೇಳಿದ್ದಾ ಎಂದು ಪಂಕಜಾಕ್ಷಿ ಕೇಳಿದಳು. ಉಮ್ಮನಿಗಾಗಿ. ನೆಲ ನೋಡಿಕೊಂಡು, ನನಗೂ ಆ ಬಸ್ಸು ಸಾಕಾಗಿತ್ತು ಎಂದ.

ಒಳಗೆ ಫಿನಾಯಿಲಿನ ವಾಸನೆ, ಅಲಿ ಕುಂಞಿ ಎಂಬ ಉದ್ದದ ಮನುಷ್ಯ, ಮಂಚದ ಹೊರಗೆ ಪಾದ, ಬಾಯಿಯ ಬಲತುದಿ ಜಾರಿ ಹೋಗಿದೆ, ಕಣ್ಣು ಮಾತ್ರ ಸರಿಯಾಗಿ ಉಂಟು, ಅವಳು ಬೋವಾ ತಾರ್ದಿ ಸೆನ್ಯೋರ್ ಎಂದಾಗ ಆ ಕಣ್ಣು ತಿರುಗಿದ ರೀತಿ, ಹದಿನೇಳು ವರ್ಷದಿಂದ ಯಾರಿಗೂ ಹೇಳದ ನಮಸ್ಕಾರ ಅವಳ ಬಾಯಿಯಲ್ಲೂ ತುಕ್ಕು ಹಿಡಿದಿತ್ತು. ನಿಮ್ಮ ತಮ್ಮ ಕ್ಷಮೆ ಕೇಳಿದ್ದಾರಂತೆ, ನೀವು ಏನು ಉತ್ತರ ಕೊಟ್ಟಿರಿ, ಇನ್ನೊಮ್ಮೆ ಹೇಳಿ. ಹೇಳಿದ. ಪೆರ್, ದು, ಆ, ಆಮೇಲೆ ಒಂದು ರೇಫ, ಆಮೇಲೆ ತಿ, ಆಮೇಲೆ ಅಥವಾ ಮೊದಲೇ ಇನ್ನೊಂದು ಆ, ಜೊಲ್ಲಿನಲ್ಲಿ ಎಲ್ಲ ಕಲಸಿಹೋಗಿದೆ. ಎರಡೇ ಸಾಧ್ಯತೆ. ಪೆರ್ದುವಾರತಿ, ನಡುವಿನ ಆ ಎಂಬಲ್ಲಿ ಒಂದೇ ಏಟು, ಎಂದರೆ ನಿನ್ನನ್ನು ನಾನು ಆಗಲೇ ಕ್ಷಮಿಸಿಬಿಟ್ಟಿದ್ದೆ, ನೀನು ಕೇಳುವ ಮೊದಲೇ. ಪೆರ್ದುವಾರ್ತಿಯಾ, ಸೀಳಿದ ಕ್ರಿಯಾಪದ, ತಿ ಎಂಬ ನಿನ್ನನ್ನು ಒಳಗೆ ಸಿಕ್ಕಿಸಿದ್ದು, ದೊಡ್ಡ ಏಟು ಕೊನೆಯ ಆಕಾರಕ್ಕೆ, ಎಂದರೆ ನಿನ್ನನ್ನು ಕ್ಷಮಿಸುವರು, ಮುಂದೆ, ಯಾರೋ, ನಾನಲ್ಲ. ಎರಡರಲ್ಲೂ ಐದೇ ಅಕ್ಷರ. ಎರಡೂ ಪುಸ್ತಕದ ಭಾಷೆ, ಕುರುಡು ವಕೀಲನಿಗೆ ಓದಿ ಹೇಳಿದ ಭಾಷೆ, ಬೀದಿಯಲ್ಲಿ ಕಲಿತವನಾಗಿದ್ದರೆ ಈ ಸಮಸ್ಯೆಯೇ ಬರುತ್ತಿರಲಿಲ್ಲ. ಆದಂ ಕುಂಞಿ ಮಂಚದ ಕಾಲಿನ ಬದಿಯಲ್ಲಿ ನಿಂತಿದ್ದಾನೆ, ಅವಳ ಬಾಯಿಯನ್ನೇ ನೋಡುತ್ತ. ಅವಳು ಅಲಿ ಕುಂಞಿಯ ಎಡಗೈಯನ್ನು ತನ್ನ ಅಂಗೈಯ ಮೇಲೆ ಇಟ್ಟುಕೊಂಡು, ಸೆನ್ಯೋರ್, ಹೇಳುತ್ತ ತಟ್ಟಿ, ಒತ್ತು ಬೀಳುವಲ್ಲಿ ಜೋರಾಗಿ ತಟ್ಟಿ ಎಂದಳು, ಮಕ್ಕಳಿಗೆ ಹೇಳಿದ ಹಾಗೆ. ಅವನು ತಟ್ಟಿದ. ಹಗುರ, ಹಗುರ, ಸ್ವಲ್ಪ ಭಾರ, ಹಗುರ, ಕೊನೆಗೆ ಇಡೀ ಕೈ ಅವಳ ಅಂಗೈಯ ಮೇಲೆ ಬಿತ್ತು. ಕೊನೆಗೆ. ಕೇಂ, ಯಾರು, ಯಾರು ಕ್ಷಮಿಸುವುದು ಎಂದು ಕೇಳಿದಳು, ಪೋರ್ಚುಗೀಸಿನ ಆ ಪದದಲ್ಲಿ ಅವನೂ ಒಂದೇ ಅವಳೂ ಒಂದೇ, ದೇವರೋ ಉಮ್ಮನೋ, ಬಾಲ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಅಲಿ ಕುಂಞಿ ಕಣ್ಣು ಮುಚ್ಚಿಕೊಂಡ. ಸುಂದರಿ ಬಂದು, ಸಾಕು ಪಂಕಜಕ್ಕ, ಅವರಿಗೆ ಆಯಾಸ ಆಯ್ತು ಎಂದಳು.

ಕ್ಷಮಿಸ್ತಾರಂತೆ, ಎಂದಳು ಅವಳು ಹೊರಗೆ ಬಂದು. ಯಾರು ಟೀಚರೇ. ಅದು ಹೇಳ್ಲಿಲ್ಲ. ಹಾಗಾದ್ರೆ ಅವನು ಅಲ್ಲ. ಅವನಾಗಿದ್ದರೆ ಆ ಪದ ಬೇರೆ ಆಗ್ತಿತ್ತು ಎಂದಳು, ಇದ್ದದ್ದನ್ನು ಇದ್ದ ಹಾಗೆ, ಪೇಪರು ತಿದ್ದುವವಳು ಅರ್ಧ ಮಾರ್ಕು ಧರ್ಮಕ್ಕೆ ಕೊಡುವುದಿಲ್ಲ. ಇನ್ನೊಂದನ್ನು ಹೇಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆಗಲೇ ಕ್ಷಮಿಸಿದ್ದೆ ಎಂದಿದ್ದಾರೆ ಬ್ಯಾರಿಗಳೇ, ನಿಶ್ಚಿಂತೆಯಿಂದ ಹೋಗಿ ಎಂದು. ಆದರೆ ಒಳ್ಳೆಯದಕ್ಕಾಗಿ ಹೇಳಿದ ಒಂದು ಸುಳ್ಳು ಆ ಮನೆಯಲ್ಲಿ ಆಗಲೇ ಇತ್ತು, ಅದರ ಪಕ್ಕ ಇನ್ನೊಂದನ್ನು ಇಡುವ ಅಧಿಕಾರ ಅವಳಿಗೆ ಯಾರು ಕೊಟ್ಟರು. ಆದಂ ಕುಂಞಿ ಅಳಲಿಲ್ಲ. ಸರಿ, ಎಂದ. ಅವನು ಹೇಳಿದ್ದು ಸರಿಯೇ. ಮತ್ತೆ ಕೇಳಿದ, ಟೀಚರೇ, ನಾನು ಇವನನ್ನು ಮನೆಗೆ ಕರಕೊಂಡು ಹೋಗ್ತೇನೆ, ಈಗ ಇವನಿಗೆ ಬಾಗಿಲು ಹಾಕ್ಲಿಕ್ಕೆ ಆಗುದಿಲ್ಲವಲ್ಲ.

ಉಪ್ಪಿನಂಗಡಿ ದಾಟಿತು, ಆಲಂಕಾರು ದಾಟಿತು, ಒಣಮೀನಿನ ಬುಟ್ಟಿ ಇಳಿಯಿತು, ಹೊಸಮಠದ ತಗ್ಗು ಸೇತುವೆಯ ಮೇಲೆ ಬಸ್ಸು ನಿಧಾನವಾಗಿದೆ, ಕೆಳಗೆ ಬೇಸಗೆಯ ಹೊಳೆ, ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದಾರೆ, ಎತ್ತಿದ ಕೈ ಬಟ್ಟೆ ಸಮೇತ ಕೆಳಕ್ಕೆ ಬರುವುದು ಕಾಣುತ್ತದೆ, ಸದ್ದು ಆಮೇಲೆ — ಕೈ ಕೆಳಕ್ಕೆ ಬೀಳುವುದು, ಅಲ್ಲ, ಇದು ಈವರೆಗೆ ಹೊಳೆದಿರಲಿಲ್ಲ, ನಾಲ್ಕು ವರ್ಷ ಹೊಳೆದಿರಲಿಲ್ಲ, ವಾಯು ಬಡಿದ ಮುದುಕ ಐದು ಸಲ ಕೈ ಎತ್ತಿ ಇಳಿಸಿದ್ದಾನೆ, ಐದನೆಯ ಸಲ ಎತ್ತಿದ ಕೈಯನ್ನು ಹಿಡಿದು ನಿಲ್ಲಿಸುವ ಶಕ್ತಿಯೇ ಇಲ್ಲದೆ ಅದು ಬಿದ್ದದ್ದಿರಬಹುದು. ಒತ್ತು ಅಲ್ಲ, ಆಯಾಸ. ದೋನಾ ಎರ್ಮೆಲಿಂಡಾಳ ರೂಲರು ಎಂದೂ ಆಯಾಸದಿಂದ ಬಿದ್ದದ್ದಿಲ್ಲ, ಆದ್ದರಿಂದ ಆ ಸಾಧ್ಯತೆ ಪಾಠದಲ್ಲಿ ಇರಲಿಲ್ಲ. ಪಂಕಜಾಕ್ಷಿ ತನ್ನ ಬಲ ಅಂಗೈಯನ್ನು ನೋಡಿಕೊಂಡಳು, ಅದರಲ್ಲಿ ಈಗ ಟಿಕೆಟು ಮಾತ್ರ. ಹೋಗಲಿ. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆ ಅರ್ಥವಾಗಿ ಏನು, ಉತ್ತರಿಸಬೇಕಾದವನು ಮಣ್ಣಿಗೆ ಹೋಗಿ ಆಯಿತು. ಸೀನ ಶಿಳ್ಳೆ ಊದಿದ, ಕಡಬ.

ಆದಂ ಕುಂಞಿಯ ಮನೆ ರಸ್ತೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಜಗಲಿಯಲ್ಲಿ ಬಾಡಿಗೆಗೆ ತಂದ ಕುರ್ಚಿಗಳು ಇನ್ನೂ ಮಡಚಿ ಒರಗಿಸಿದ್ದು, ಗಡ್ಡ ಪೂರ್ತಿ ಬಿಳಿಯಾಗಿದೆ, ಬನ್ನಿ ಟೀಚರೇ, ಇಷ್ಟು ದೂರ ಯಾಕೆ ಬಂದ್ರಿ ಎಂದ, ಬರಲಿ ಎಂದೇ ಹೇಳಿ ಕಳಿಸಿದವನು. ಹೆಂಡತಿ ರುಖಿಯಮ್ಮ ನಿಂಬೆಯ ಶರಬತ್ತು ತಂದಿಟ್ಟು ಬಾಗಿಲ ಹಿಂದೆ ನಿಂತಳು. ಸುಖದ ಸಾವು, ಎಂದ ಆದಂ ಕುಂಞಿ, ಶುಕ್ರವಾರ, ಊಟ ಆಗಿ ಮಲಗಿದವ ಏಳಲಿಲ್ಲ. ನಾಲ್ಕು ವರ್ಷ ಇದ್ದ, ಒಂದು ದಿನವೂ ಹಾಸಿಗೆ ಹುಣ್ಣು ಆಗ್ಲಿಕ್ಕೆ ಬಿಡ್ಲಿಲ್ಲ ನಾವು, ಕೈಯಾರೆ ತಿನ್ನಿಸಿದ್ದು ನಾನೇ, ಇವಳ ಹತ್ತಿರ ಕೊಟ್ಟದ್ದಿಲ್ಲ, ಭಾಷೆಯದ್ದೇ ಕಷ್ಟ, ಬ್ಯಾರಿ ಭಾಷೆ ಪುನಃ ಬರಲೇ ಇಲ್ಲ, ನೀವು ಅವತ್ತು ಆಸ್ಪತ್ರೆಯಲ್ಲಿ ಹೊರಡುವಾಗ ನಾಲ್ಕು ಶಬ್ದ ಹೇಳಿಕೊಟ್ಟದ್ದು ದೊಡ್ಡ ಉಪಕಾರ ಆಯ್ತು, ಆಗ್ವ ಅಂದ್ರೆ ನೀರು, ಫೋಮಿ ಅಂದ್ರೆ ಹಸಿವು, ದೋರ್ ನೋವು, ಫ್ರಿಯು ಚಳಿ, ಅಷ್ಟರಲ್ಲೇ ನಾಲ್ಕು ವರ್ಷ ನಡೀತು. ಸಾಕು ಎಂಬುದನ್ನು ನೀವು ಹೇಳಿಕೊಟ್ಟಿರಲಿಲ್ಲ, ಅದೊಂದು ಶಬ್ದ ನಾನೇ ಕಲಿತೆ. ಬಾಗಿಲ ಹಿಂದಿನಿಂದ ರುಖಿಯಮ್ಮ, ಇವರಿಗೆ ಅದರದ್ದು ದೊಡ್ಡ ಹೆಮ್ಮೆ ಟೀಚರೇ ಎಂದಳು. ಹೌದು ಮತ್ತೆ, ಎಂದ ಅವನು, ಮಧ್ಯಾಹ್ನ ತಟ್ಟೆ ಹಿಡಿದು ಕೂತು ಗಂಜಿ ಬಾಯಿಗೆ ಇಡ್ತೇನೆ, ನಾಲ್ಕೈದು ತುತ್ತು ಆಗ್ತದೆ, ಆಮೇಲೆ ನನ್ನ ಮೋರೆ ನೋಡಿ ಹೇಳ್ತಾನೆ, ದಿನಾ ಹೇಳ್ತಾನೆ, ಪೆರ್ದುವೆಯ್ತಿ. ಅಂದ್ರೆ ಸಾಕು ಅಂತ, ನಾನು ತಟ್ಟೆ ತೆಗೀತೇನೆ. ಕೆಲವು ಸಲ ತಟ್ಟೆ ತೆಗೆದ ಮೇಲೆ ಪುನಃ ಫೋಮಿ ಅಂತ ಹೇಳುದೂ ಉಂಟು, ಪ್ರಾಯ ಆಯ್ತಲ್ಲ, ತಿಂದದ್ದು ಮರೆತು ಹೋಗ್ತದೆ, ಡಾಕ್ಟರರು ಜಾಸ್ತಿ ಕೊಡಬೇಡಿ ಅಂದಿದ್ರು.

ಪೆರ್, ದು, ಎಯ್, ತಿ — ಕಿವಿ ಕೇಳದೆಯೇ ಕತ್ತರಿಸಿತು, ಒಂದೇ ಏಟು, ಎಯ್ ಎಂಬಲ್ಲಿ, ಬ್ಯಾರಿಯ ನಾಲಗೆಯಲ್ಲಿಯೂ ಅದು ಸರಿಯಾದ ಜಾಗದಲ್ಲಿಯೇ ಬಿದ್ದಿದೆ, ನಾಲ್ಕು ವರ್ಷ ದಿನಾ ಕೇಳಿ ಕಲಿತದ್ದು, ತಪ್ಪಲಿಕ್ಕೆ ದಾರಿಯೇ ಇಲ್ಲ. ಸಾಕು ಎನ್ನಲಿಕ್ಕೆ ಬಸ್ತ ಎಂಬ ಬೇರೆ ಪದ ಉಂಟು, ಇದರ ಹತ್ತಿರಕ್ಕೂ ಬಾರದ್ದು. ಇದು ಸಾಮಾನ್ಯ ಭೂತಕಾಲ, ಉತ್ತಮ ಪುರುಷ, ಸೀಳಿದ್ದಲ್ಲ, ಪುಸ್ತಕದ್ದಲ್ಲ, ಮಕ್ಕಳಿಗೂ ಗೊತ್ತಿರುವ ರೂಪ, ದೋನಾ ಎರ್ಮೆಲಿಂಡಾ ಎರಡನೆಯ ಕ್ಲಾಸಿನಲ್ಲಿ ಕಲಿಸಿದ್ದು. ಹೇಳಬೇಕೋ, ಶರಬತ್ತಿನ ಲೋಟದ ಹೊರಗೆ ನೀರಿನ ಹನಿ, ಹೇಳದೆ ಎದ್ದು ಹೋದರೆ ಸಂಜೆಯ ಬಸ್ಸು ಸಿಗುತ್ತದೆ, ಇವನು ತಾನು ಕಲಿತ ಒಂದು ಶಬ್ದದ ಹೆಮ್ಮೆಯಲ್ಲಿ ಇರುತ್ತಾನೆ, ಆದರೆ ಆ ಮಾತು ಅವಳದ್ದಲ್ಲ, ಅವಳ ಕೈಗೆ ಬಂದದ್ದು ತಲುಪಿಸಲಿಕ್ಕೆ. ಅದು ಸಾಕು ಅಂತ ಅಲ್ಲ, ಎಂದಳು. ಮತ್ತೆ ಎಂತ. ನಿನ್ನನ್ನು ಕ್ಷಮಿಸಿದೆ ಅಂತ. ಯಾರು. ನಾನು ಅಂತ, ಅದರಲ್ಲಿಯೇ ಉಂಟು, ನಾನು ನಿನ್ನನ್ನು ಕ್ಷಮಿಸಿದೆ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಸದ್ದು ಪೂರ್ತಿ ಇಳಿಯುವವರೆಗೆ ಆದಂ ಕುಂಞಿ ತನ್ನ ಬಲಗೈಯ ಬೆರಳುಗಳನ್ನು ನೋಡುತ್ತಿದ್ದ. ದಿನಾ ಹೇಳಿದ, ಎಂದ. ಆಮೇಲೆ ತಲೆ ಎತ್ತಿದ, ಕ್ಷಮೆಯ ವಿಷಯ ಕೇಳುತ್ತಾನೆಂದು ಅವಳು ಕಾದಳು, ಅವನು ಕೇಳಿದ್ದು ಬೇರೆ, ಹಾಗಾದ್ರೆ ಟೀಚರೇ, ತಟ್ಟೆ ತೆಗೆಯುವಾಗ ಅವನಿಗೆ ಇನ್ನೂ ಹಸಿವು ಇತ್ತಾ. ಇದಕ್ಕೆ ಯಾವ ವ್ಯಾಕರಣದಲ್ಲಿಯೂ ಉತ್ತರ ಇಲ್ಲ, ಫೋಮಿ, ಎರಡೇ ಅಕ್ಷರ, ಏಟು ಮೊದಲನೆಯದಕ್ಕೆ, ಅವಳ ಕಣ್ಣೆದುರಿಗೆ ತಟ್ಟೆ, ಅರ್ಧ ಗಂಜಿ ಇರುವ ತಟ್ಟೆ, ಹೇಳಬೇಕಾದ್ದನ್ನು ಹೇಳಿ ಮುಗಿಸಿ ಇನ್ನೊಂದು ತುತ್ತಿಗೆ ತೆರೆದ ಓರೆ ಬಾಯಿ, ತಟ್ಟೆ ಹಿಂದಕ್ಕೆ ಹೋಗುತ್ತದೆ, ಮರುದಿನ ಮಧ್ಯಾಹ್ನ, ಬಾಯಿ ತೆರೆದೇ ಉಂಟು, ತಟ್ಟೆ ಹಿಂದಕ್ಕೆ ಹೋಗುತ್ತದೆ, ಅದರ ಮರುದಿನ, ತೆರೆದ ಬಾಯಿ, ತಟ್ಟೆ